ಎಂಟು ವರ್ಷದ ಮಕ್ಕಳಿಗೆ ಬ್ಲೂ ಟ್ರೇಲ್: ಡೀನ್ ಕಾಡಿನ ವರ್ಡರರ್ಸ್ ಹತ್ತಿಸಬಹುದೇ?

ಎರಡುಗಾಲಿ
ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಫಾರೆಸ್ಟ್ ಆಫ್ ಡೀನ್ ಬಗ್ಗೆ ಕೇಳುತ್ತಿದ್ದೇನೆ. ಕ್ಯಾನಪ್ ಸೈಕಲ್ ಸೆಂಟರಿನಿಂದ ಹೊರಡುವ ಫ್ಯಾಮಿಲಿ ಟ್ರೇಲ್ ಸುಮಾರು 17 ಕಿ.ಮೀ., ಬಹುಪಾಲು ಹಳೇ ರೈಲು ದಾರಿ. ಅಲ್ಲಿಂದಲೇ ಹೊರಡುವ ವರ್ಡರರ್ಸ್ ಟ್ರೇಲ್ ಬ್ಲೂ ದರ್ಜೆಯದು (ಹಸಿರಿಗಿಂತ ಕಷ್ಟ, ಕೆಂಪಿಗಿಂತ ಸುಲಭ), ಸುಮಾರು 11 ಕಿ.ಮೀ. ಮಗಳಿಗೆ 8 ವರ್ಷ, ತೂಕ 27 ಕೆ.ಜಿ., ಸೈಕಲ್ 24 ಇಂಚಿನದು, ಮುಂದೆ ಸ್ಪ್ರಿಂಗ್ ಸಸ್ಪೆನ್ಶನ್, ಎರಡೂ ಕಡೆ ಡಿಸ್ಕ್ ಬ್ರೇಕ್. ಫ್ಯಾಮಿಲಿ ಟ್ರೇಲ್ ಆರಾಮಾಗಿ ಮುಗಿಯುತ್ತದೆ. ಹಾಗಾದರೆ ಅದಕ್ಕಿಂತ ಚಿಕ್ಕದಾದ ಬ್ಲೂ ಮಾಡಿಸಬಹುದಲ್ಲವೇ?

ಕಾಡುಮೇಡು
ಕಿಲೋಮೀಟರ್ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ರೈಲು ದಾರಿ ಎಂದರೆ ಎಂಜಿನ್ ಏದುಸಿರು ಬಿಡದಂತೆ ಗುಡ್ಡ ಕಡಿದು, ಹಳ್ಳ ತುಂಬಿ ಮಾಡಿದ ದಾರಿ. ಅಲ್ಲಿ ಮಗು ಕಲಿತದ್ದು ತುಳಿಯುವುದನ್ನು ಮಾತ್ರ. ವರ್ಡರರ್ಸ್‌ನಲ್ಲಿ ಮೊದಲಿಗೇ ಉದ್ದದ ಏರು, ಕೊನೆಗೆ ಡ್ರ್ಯಾಗನ್ಸ್ ಟೇಲ್ ಎಂಬ ಇಳಿಜಾರು. ಆ ಇಳಿಜಾರಿನಲ್ಲಿ ಹೊರ ಅಂಚು ಎತ್ತರಿಸಿದ ತಿರುವುಗಳು (ಬರ್ಮ್), ಅಲೆಯಂಥ ದಿಬ್ಬಗಳು (ರೋಲರ್), ಮಟ್ಟ ತಲೆಯ ಟೇಬಲ್‌ಟಾಪ್‌ಗಳು ಒಂದರ ಹಿಂದೊಂದು ಬರುತ್ತವೆ. ಅಂದರೆ ಅತಿ ಹೆಚ್ಚು ಗಮನ ಬೇಕಾದ ಜಾಗ ಬರುವುದು ಮಗು ಅತಿ ಹೆಚ್ಚು ದಣಿದಿರುವಾಗ.

ಹೋಗುವ ಮೊದಲು ಕಾರ್ ಪಾರ್ಕಿನಲ್ಲೇ ಮೂರು ಪರೀಕ್ಷೆ ಮಾಡಿ. ಎರಡು ಪೆಡಲ್ ನೆಲಕ್ಕೆ ಸಮವಾಗಿ ಇಟ್ಟು, ಸೀಟಿನಿಂದ ಎದ್ದು ನಿಂತು, ತುಳಿಯದೆ 20 ಮೀಟರ್ ಉರುಳಬೇಕು. ಓಡುವ ವೇಗದಲ್ಲಿ ಬಂದು, ಎರಡೂ ಬ್ರೇಕ್ ಹಿಡಿದು, ಹಿಂಗಾಲಿ ಜಾರದಂತೆ ಒಂದು ಗೆರೆಯ ಹತ್ತಿರ ನಿಲ್ಲಬೇಕು. ಹಾಗೇ ನಿಂತುಕೊಂಡೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಬೇಕು. ಮೂರೂ ಬಂದರೆ ಬ್ಲೂ ಹತ್ತಿಸಿ. ಒಂದು ಬಾರದಿದ್ದರೂ ಆ ದಿನ ಬೇಡ.

ಗಟ್ಟಿಬ್ರೇಕ್
ಎರಡನೇ ಪರೀಕ್ಷೆಗೆ ನನ್ನ ತಕರಾರಿದೆ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ ಮಕ್ಕಳು ಹ್ಯಾಂಡಲ್ ಮೇಲಿಂದ ಹಾರುತ್ತಾರೆ. ಕಾಡಿನ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಮಾತ್ರ ಹೇಳಿಕೊಡಿ.

ಕಾಡುಮೇಡು
ಇದನ್ನು ಒಪ್ಪಲಾರೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ, ಹಿಂಗಾಲಿ ಹಗುರಾಗುತ್ತದೆ. ಹಗುರಾದ ಗಾಲಿಗೆ ಹಿಡಿತವೇ ಇರುವುದಿಲ್ಲ, ಲಾಕ್ ಆಗಿ ಜಾರುತ್ತದೆ. ಸೈಕಲ್ ನಿಲ್ಲುವುದಿಲ್ಲ, ಅಡ್ಡ ತಿರುಗುತ್ತದೆ. ಆ ಜಾರುವಿಕೆಯೇ ಟ್ರೇಲ್ ಮೇಲಿನ ಜಲ್ಲಿಯನ್ನು ಕೆದಕಿ, ತಿರುವಿನ ಮೊದಲು ಸಾಲುಸಾಲು ಸಣ್ಣ ಏರಿಳಿತ ಮಾಡುವುದು.

ಮಗು ಹಾರುವುದು ಮುಂದಿನ ಬ್ರೇಕಿನಿಂದಲ್ಲ, ಅದನ್ನು ಒಮ್ಮೆಗೇ ಜಗ್ಗುವುದರಿಂದ, ಮೊಣಕೈ ನೆಟ್ಟಗಿಟ್ಟು ಮುಂದಕ್ಕೆ ವಾಲುವುದರಿಂದ. ಹಿಮ್ಮಡಿ ಕೆಳಕ್ಕೆ, ಮೊಣಕೈ ಹೊರಕ್ಕೆ ಬಾಗಿಸಿ, ಸೊಂಟ ಪೆಡಲ್‌ಗಳಿಗಿಂತ ಸ್ವಲ್ಪ ಹಿಂದೆ. ಇಷ್ಟಿದ್ದರೆ ಎರಡು ಬ್ರೇಕಿನಿಂದ ಏನೂ ಆಗುವುದಿಲ್ಲ. ತಿರುವಿಗೆ ಮೊದಲು ಬ್ರೇಕ್ ಹಿಡಿದು ವೇಗ ಇಳಿಸಬೇಕು, ತಿರುವಿನೊಳಗೆ ಬಿಡಬೇಕು.

ಸ್ಪೋಕ್32
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಬೆರಳು ಬ್ರೇಕ್ ಲಿವರ್‌ಗೆ ಎಟುಕುತ್ತದೆಯೇ? ಅಂಗಡಿಯಿಂದ ಬರುವಾಗ ಎಷ್ಟೋ ಮಕ್ಕಳ ಸೈಕಲ್‌ಗಳ ಲಿವರ್ ದೊಡ್ಡವರ ಕೈಗೆ ತಕ್ಕಂತೆ ದೂರ ಇರುತ್ತದೆ. ಆಗ ಮಗು ನಾಲ್ಕು ಬೆರಳು ಚಾಚಿ ಎಳೆಯುತ್ತದೆ, ಹ್ಯಾಂಡಲ್ ಹಿಡಿಯಲು ಹೆಬ್ಬೆರಳೊಂದೇ ಉಳಿಯುತ್ತದೆ. ಹಾಗೆ ಹಿಡಿದವರು ಬ್ರೇಕ್ ಜಗ್ಗುವುದು ಸಹಜ, ಮೆಲ್ಲಗೆ ಹಿಡಿಯುವ ದಾರಿಯೇ ಅವರಿಗಿಲ್ಲ.

ಲಿವರ್ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹೈಡ್ರಾಲಿಕ್ (ದ್ರವದ ಒತ್ತಡದ) ಬ್ರೇಕ್‌ಗಳಲ್ಲಿ ಸಾಮಾನ್ಯವಾಗಿ 2 ಅಥವಾ 2.5 ಮಿ.ಮೀ. ಅಲೆನ್ ಕೀ ಸಾಕು. ಅರ್ಧ ಸುತ್ತು ತಿರುಗಿಸಿ, ಎಟುಕು ನೋಡಿ, ಮತ್ತೆ ಅರ್ಧ ಸುತ್ತು. ಮಗು ಹ್ಯಾಂಡಲ್ ಪೂರ್ತಿ ಹಿಡಿದಿರುವಾಗ ತೋರುಬೆರಳಿನ ಮೊದಲ ಗೆಣ್ಣು ಲಿವರ್ ಮೇಲೆ ಕೂರಬೇಕು. ಆಮೇಲೆ ಲಿವರ್ ಬಿಗಿಸಿದ ಕ್ಲ್ಯಾಂಪ್ ಸಡಿಲಿಸಿ ಇಡೀ ಲಿವರನ್ನು ಗ್ರಿಪ್‌ನಿಂದ ಒಳಕ್ಕೆ ಸರಿಸಿ, ಬೆರಳು ಲಿವರ್‌ನ ತುದಿಯ ಕೊಕ್ಕೆಗೇ ಬೀಳುವಂತೆ. ತುದಿ ಎಳೆದರೆ ಬಲ ಕಡಿಮೆ ಸಾಕು, ನಡುವೆ ಎಳೆದರೆ ಎರಡು ಬೆರಳಿಗೂ ನೋವು. ಕೊನೆಗೆ ಗಟ್ಟಿಯಾಗಿ ಹಿಂಡಿ ನೋಡಿ. ಲಿವರ್ ಗ್ರಿಪ್‌ಗೆ ತಾಕಿದರೆ ತೀರಾ ಹತ್ತಿರ ತಂದಿದ್ದೀರಿ, ಅಥವಾ ಬ್ರೇಕಿನೊಳಗೆ ಗಾಳಿ ಸೇರಿದೆ.

ಬ್ರೇಕ್ ಪ್ಯಾಡ್ ಹೊಸದಾದರೆ ಓಡುವ ವೇಗದಿಂದ ನಡಿಗೆಯ ವೇಗಕ್ಕೆ 15-20 ಸಲ ಇಳಿಸಿ ಪಳಗಿಸಿ. ಚೈನ್‌ಗೆ ಸ್ಪ್ರೇ ಎಣ್ಣೆ ಹೊಡೆಯಲೇಬೇಡಿ, ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ಹನಿಹನಿಯಾಗಿ ಬಿಡಿ, ಬಟ್ಟೆಯಿಂದ ಒರೆಸಿ.

ಗಟ್ಟಿಬ್ರೇಕ್
ಲಿವರ್ ದೂರವಿದ್ದರೆ ಜಗ್ಗುತ್ತಾರೆ ಎಂಬ ಮಾತು ಸರಿ. ಅದನ್ನು ಸರಿಪಡಿಸಿದ ಮೇಲೆ ಎರಡೂ ಬ್ರೇಕ್ ಹೇಳಿಕೊಡಬಹುದು, ಒಪ್ಪಿದೆ. ಆದರೆ ಮೊದಲು ಹುಲ್ಲಿನ ಮೇಲೆ ಕಲಿಸಿ.

ಎರಡುಗಾಲಿ
ಲಿವರ್ ಈಗಲೇ ನೋಡುತ್ತೇನೆ. ಸಸ್ಪೆನ್ಶನ್ ಹೇಗೂ ಇದೆಯಲ್ಲ, ಬೇರುಗಳ ಮೇಲೆ ಅಷ್ಟು ಸಾಕೇ? ಇನ್ನೂ ಒಳ್ಳೆಯ ಫೋರ್ಕ್ (ಮುಂಗಾಲಿ ಹಿಡಿದ ಕವಲು) ಹಾಕಿಸಬೇಕೇ?

ಸ್ಪೋಕ್32
ಫೋರ್ಕ್‌ಗೆ ದುಡ್ಡು ಹಾಕಬೇಡಿ. ಅಗ್ಗದ ಸ್ಪ್ರಿಂಗ್ ಫೋರ್ಕ್ 27 ಕೆ.ಜಿ. ಮಗುವಿನ ಭಾರಕ್ಕೆ ಬಾಗುವುದೇ ಕಷ್ಟ. ಒಂದು ಝಿಪ್‌ಟೈ (ಪ್ಲಾಸ್ಟಿಕ್ ಕಟ್ಟುಪಟ್ಟಿ) ಫೋರ್ಕ್ ಕಾಲಿಗೆ ಕಟ್ಟಿ, ಒಂದು ಸುತ್ತು ಹೋಗಿ ಬಂದ ಮೇಲೆ ಅದು ಎಷ್ಟು ಸರಿದಿದೆ ನೋಡಿ. ಬೆರಳಗಲವೂ ಸರಿದಿರದಿದ್ದರೆ ಅದು ಬರೀ ಹೊರೆ, ಏರಿನಲ್ಲಿ ಮಗು ಹೊತ್ತು ತಳ್ಳುವ ಕಬ್ಬಿಣ.

ನಿಜವಾದ ಸಸ್ಪೆನ್ಶನ್ ಟೈರಿನೊಳಗಿನ ಗಾಳಿ. 24x2.2 ಅಳತೆಯ ಟೈರ್, ಒಳಗೆ ಟ್ಯೂಬ್, 27 ಕೆ.ಜಿ. ಮಗು: ಹಿಂದೆ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಮುಂದೆ 18ರಿಂದ ಶುರು ಮಾಡಿ. ಬೇರಿನ ಮೇಲೆ ಹೋಗುವಾಗ ರಿಮ್ ‘ಟಣ್’ ಎಂದರೆ 2 ಏರಿಸಿ. ಚೆಂಡಿನ ಹಾಗೆ ಪುಟಿದರೆ 2 ಇಳಿಸಿ. ಕಡಿಮೆ ಗಾಳಿಯಲ್ಲಿ ಬರುವ ಪಂಕ್ಚರ್ ನೋಡಿದರೆ ಗೊತ್ತಾಗುತ್ತದೆ, ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು. ನಿಲ್ಲಿಸಿ ಹೊಡೆಯುವ ಪಂಪಿನ ಮೀಟರ್ 20ರ ಕೆಳಗೆ ನಂಬಿಕೆಗೆ ಬರುವುದಿಲ್ಲ, ಕಡಿಮೆ ಒತ್ತಡ ತೋರಿಸುವ ಪುಟ್ಟ ಗೇಜ್ ಇಟ್ಟುಕೊಳ್ಳಿ.

ಒಳಪೆಡ್ಲು
ಎಚ್ಚರಿಕೆ: ಟೈರ್ ಪಕ್ಕದಲ್ಲಿ ಕನಿಷ್ಠ ಒತ್ತಡ ಅಚ್ಚಾಗಿರುತ್ತದೆ. ಎಷ್ಟೋ ಸಾದಾ ಟೈರ್‌ಗಳಲ್ಲಿ ಅದು 30 ಅಥವಾ 35. ಅಲ್ಲಿ 18 ಹಾಕಿದರೆ ಟೈರ್ ರಿಮ್ ಮೇಲೆ ಜಾರಿ ವಾಲ್ವ್ ಕಿತ್ತುಕೊಂಡು ಬರಬಹುದು.

ಸ್ಪೋಕ್32
ಸರಿಯಾಗಿ ಹೇಳಿದಿರಿ. ಅಂಥ ಟೈರ್ ಇದ್ದರೆ ಅಚ್ಚಾದ ಅಂಕಿಯ ಕೆಳಗೆ ಇಳಿಯಬೇಡಿ, ಫೋರ್ಕ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಎರಡು ಮೆತ್ತನೆಯ, ಮಡಚಬಹುದಾದ ಟೈರ್ ಕೊಳ್ಳಿ. ಫ್ರೇಮಿಗೂ ಟೈರಿಗೂ ನಡುವೆ ಕೆಸರಿಗೆ ಜಾಗ ಇದೆಯೇ ಎಂದು ಮೊದಲು ಅಳೆಯಿರಿ.

ಒಳಪೆಡ್ಲು
ನಮ್ಮ ಕಡೆ ಒಳಪೆಡ್ಲು ತುಳಿದು ಕಲಿತವರಿಗೆ ಸೀಟಿನ ಎತ್ತರ ದೊಡ್ಡ ವಿಷಯ ಅನ್ನಿಸುವುದಿಲ್ಲ. ಈ ಟ್ರೇಲ್‌ನಲ್ಲಿ ಅದೇ ಅರ್ಧ ಕೆಲಸ. ಏರಿಗೆ: ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಬಾಗಿರಬೇಕು. ಇಳಿಜಾರಿಗೆ: ಅದಕ್ಕಿಂತ 5-7 ಸೆಂ.ಮೀ. ಕೆಳಗೆ. ಸೀಟ್ ಪೋಸ್ಟ್ ಮೇಲೆ ಎರಡು ಬಣ್ಣದ ಇನ್ಸುಲೇಷನ್ ಟೇಪ್ ಸುತ್ತಿ, ಮಗುವೇ ಸೀಟಿನ ಕ್ವಿಕ್ ರಿಲೀಸ್ ಹಿಡಿ ಬಿಚ್ಚಿ ಇಳಿಸಿಕೊಳ್ಳಲಿ. ಸೀಟ್ ಎತ್ತರದಲ್ಲೇ ಉಳಿದರೆ ರೋಲರ್ ದಾಟುವಾಗ ಅದು ಕೆಳಗಿನಿಂದ ಗುದ್ದಿ ಮಗುವನ್ನು ಮುಂದಕ್ಕೆ ಎಸೆಯುತ್ತದೆ. ‘ಮೊನ್ನೆ ಸುಮ್ಮನೆ ಬಿದ್ದುಬಿಟ್ಟಳು’ ಎನ್ನುವ ಬೀಳುವಿಕೆಗಳಲ್ಲಿ ಬಹಳಷ್ಟು ಇದೇ.

ಏರಿಗೆ ಎಳೆಯುವ ಎಲಾಸ್ಟಿಕ್ ಹಗ್ಗ ಒಯ್ಯಿರಿ. ಒಂದು ತುದಿ ನಿಮ್ಮ ಸೀಟಿಗೆ, ಇನ್ನೊಂದು ಮಗುವಿನ ಸೈಕಲ್ಲಿನ ಸ್ಟೆಮ್‌ಗೆ (ಹ್ಯಾಂಡಲ್ ಹಿಡಿದ ನಡುತುಂಡು). ಹ್ಯಾಂಡಲ್‌ನ ಒಂದು ಬದಿಗೆ ಬೇಡ, ಎಳೆದಾಗ ತಿರುಗಿಬಿಡುತ್ತದೆ. ಇಳಿಜಾರಿಗೆ ಮೊದಲು ಬಿಚ್ಚಿ ಚೀಲಕ್ಕೆ ಹಾಕಿ, ಜೋತುಬಿಟ್ಟರೆ ನಿಮ್ಮ ಹಿಂಗಾಲಿಗೆ ಸುತ್ತಿಕೊಳ್ಳುತ್ತದೆ. ಏರು ಮುಗಿದಲ್ಲಿ ಹತ್ತು ನಿಮಿಷ ಕೂತು ಚಪಾತಿ ಸುರುಳಿ, ಬಾಳೆಹಣ್ಣು. ಹಸಿದ ಮಗು ಬೇರು ನೋಡುವುದಿಲ್ಲ, ಮುಂದಿನ ಗಾಲಿಯನ್ನೇ ನೋಡುತ್ತಾ ಕೂರುತ್ತದೆ.

ಗಟ್ಟಿಬ್ರೇಕ್
ದೊಡ್ಡವರು ಒಬ್ಬರೇ ಇದ್ದರೆ ಎಲ್ಲಿರಬೇಕು? ಹಿಂದೆ ಇರಬೇಕು ಎನ್ನುವುದು ನನ್ನ ಅಭಿಪ್ರಾಯ. ಬ್ಲೂ ಟ್ರೇಲ್ ಒಮ್ಮುಖ, ಹಿಂದಿನಿಂದ ವೇಗವಾಗಿ ಬರುವವರು ಮೊದಲು ನಿಮ್ಮನ್ನು ಕಾಣಲಿ, ಮಗುವನ್ನಲ್ಲ.

ಕಾಡುಮೇಡು
ಏರಿನಲ್ಲಿ ಹೌದು, ಹಿಂದೆ. ಡ್ರ್ಯಾಗನ್ಸ್ ಟೇಲ್‌ನಲ್ಲಿ ನಾನು ಮುಂದೆ ಎನ್ನುತ್ತೇನೆ. ಮಗು ಮುಂದಿದ್ದರೆ ವೇಗ ನಿರ್ಧರಿಸುವುದು ಮಗು. ನೀವು ಮುಂದಿದ್ದರೆ ನಿಮ್ಮ ವೇಗವೇ ಅದರ ವೇಗ, ನೀವು ಹಿಡಿದ ಗೆರೆಯೇ ಅದರ ಗೆರೆ. ನಡುವೆ ಹತ್ತು ಮೀಟರ್ ಬಿಡಿ. ಅಗಲವಿರುವ ಜಾಗ ಬಂದಾಗಲೆಲ್ಲ ಬದಿಗೆ ನಿಂತು ಹಿಂದಿನವರನ್ನು ದಾಟಿಸಿ.

ಗಟ್ಟಿಬ್ರೇಕ್
ತಿರುವಿನ ಆಚೆ ಮಗು ಬಿದ್ದರೆ ಮುಂದಿರುವ ನಿಮಗೆ ಗೊತ್ತಾಗುವುದೇ ತಡವಾಗಿ. ಈ ಒಂದು ವಿಷಯದಲ್ಲಿ ನನ್ನ ಮಾತು ಬದಲಿಸುವುದಿಲ್ಲ. ಇಬ್ಬರು ದೊಡ್ಡವರು ಹೋಗಲಿ, ಒಬ್ಬರು ಮುಂದೆ ಒಬ್ಬರು ಹಿಂದೆ. ಒಬ್ಬರೇ ಆದರೆ ಹಿಂದೆ, ಮತ್ತು ಮಗು ಪ್ರತಿ ತಿರುವಿನ ಆಚೆ ನಿಲ್ಲಬೇಕು ಎಂಬ ಒಪ್ಪಂದ.

ಸಕಲೇಶಪುರದಿಂದ
ಊರಲ್ಲಿರುವವರಿಗೂ ಈ ಲಿವರ್, ಗಾಳಿಯ ಲೆಕ್ಕ ಹಾಗೇ ಅನ್ವಯಿಸುತ್ತದೆ. ವ್ಯತ್ಯಾಸ ನೆಲದ್ದು. ಮಲೆನಾಡಿನ ಕಾಡುದಾರಿಯಲ್ಲಿ ಕೆಂಪು ಮಣ್ಣಿನ ಮೇಲೆ ಸಡಿಲ ಮುರಕಲ್ಲು ಗೋಲಿಗಳಂತೆ ಉರುಳುತ್ತದೆ, ಬ್ರೇಕ್ ತುಂಬಾ ಮೊದಲೇ ಹಿಡಿಯಬೇಕು. ಇಲ್ಲಿ ಹಸಿರು-ನೀಲಿ ದರ್ಜೆಯ ಬೋರ್ಡ್ ಇರುವುದಿಲ್ಲ, ಆದ್ದರಿಂದ ದೊಡ್ಡವರು ಒಂದು ದಿನ ಮೊದಲು ಪೂರ್ತಿ ದಾರಿ ತುಳಿದು ಬರಲೇಬೇಕು. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೋಗುವಂತಿಲ್ಲ. ಕಾಫಿ ತೋಟದ ದಾರಿಗೆ ಮಾಲೀಕರ ಒಪ್ಪಿಗೆ ಪಡೆಯಿರಿ, ಆನೆ ಓಡಾಟ ಇದೆಯೇ ಎಂದು ಅಲ್ಲಿನ ಕೆಲಸಗಾರರನ್ನೇ ಕೇಳಿ.

ಕಾಡುಮೇಡು
ಡೀನ್‌ನಲ್ಲಿ ಆನೆಯ ಬದಲು ಕಾಡುಹಂದಿ. ಮರಿಗಳಿದ್ದರೆ ತಾಯಿಗೂ ಮರಿಗಳಿಗೂ ನಡುವೆ ಹೋಗಬೇಡಿ, ನಿಂತು ದಾರಿ ಬಿಡಿ. ಬ್ರ್ಯಾಕನ್ ಎಂಬ ಜರಿಗಿಡದ ಪೊದೆಯಲ್ಲಿ ಕೂತು ಬಂದ ಮಕ್ಕಳ ಮಂಡಿ ಹಿಂಭಾಗ, ಸೊಂಟದ ಪಟ್ಟಿ ನೋಡಿ, ಉಣ್ಣಿ (ರಕ್ತ ಹೀರುವ ಹುಳು) ಕಚ್ಚಿಕೊಂಡಿರಬಹುದು.

ಎರಡುಗಾಲಿ
ಇನ್ನೊಂದು ಪ್ರಶ್ನೆ. ಮೂರು ವರ್ಷದ ತಮ್ಮನೂ ಇದ್ದಾನೆ. ಸೈಕಲ್ ಹಿಂದೆ ಕಟ್ಟುವ ಟ್ರೇಲರ್ ಬಾಡಿಗೆಗೆ ತೆಗೆದುಕೊಂಡು ಅವನನ್ನೂ ಬ್ಲೂಗೆ ಒಯ್ಯಬಹುದೇ?

ಸ್ಪೋಕ್32
ಬೇಡ. ಟ್ರೇಲರ್‌ನ ಗಾಲಿಗಳು ಸೈಕಲ್ ಗಾಲಿಗಿಂತ ಅಗಲಕ್ಕೆ ಓಡುತ್ತವೆ. ಸಿಂಗಲ್‌ಟ್ರ್ಯಾಕ್‌ನಲ್ಲಿ (ಒಂದೇ ಸೈಕಲ್ ಹೋಗುವಷ್ಟು ಕಿರಿದಾದ ದಾರಿ) ಒಂದು ಗಾಲಿ ಬರ್ಮ್ ಏರಿದ ಕೂಡಲೇ ಟ್ರೇಲರ್ ಮಗುಚುತ್ತದೆ. ಟ್ರೇಲರ್ ಫ್ಯಾಮಿಲಿ ಟ್ರೇಲ್‌ಗೆ ಮಾತ್ರ. ಒಬ್ಬರು ತಮ್ಮನ ಜೊತೆ ರೈಲು ದಾರಿಗೆ, ಇನ್ನೊಬ್ಬರು ಅಕ್ಕನ ಜೊತೆ ಬ್ಲೂಗೆ. ಎರಡೂ ಕ್ಯಾನಪ್‌ಗೇ ವಾಪಸ್ ಬರುತ್ತವೆ.

ಗಟ್ಟಿಬ್ರೇಕ್
ಹಾಗಾದರೆ ಅಕ್ಕನ ಜೊತೆ ಹೋಗುವವರು ಒಬ್ಬರೇ. ಹಿಂದೆ ಇರಿ.