ಕಾವಲಿ ಹೆಚ್ಚು ಕಾದಷ್ಟೂ ನೀರಿನ ಹನಿಗೆ ಆಯುಷ್ಯ ಹೆಚ್ಚು! ಯಾಕೆ?

ತುಂಗಾತೀರ (ಭಾನುವಾರ, ಬೆಳಗ್ಗೆ 10.40)

ಗೆಳೆಯರೇ, ತಿಂಡಿ ಮುಗಿಸಿ ಕೈ ತೊಳೆದ ಕೂಡಲೇ ಬರೆಯಲು ಕುಳಿತಿದ್ದೇನೆ. ಈ ಪ್ರಶ್ನೆ ಬೆಳಗಿನಿಂದ ತಲೆಯಲ್ಲಿ ಕುಣಿಯುತ್ತಿದೆ.

ಶಿವಮೊಗ್ಗದ ನಮ್ಮ ಮನೆಯಲ್ಲಿ ಭಾನುವಾರವೆಂದರೆ ದೋಸೆ. ಕಾವಲಿ ಅಜ್ಜಿಯ ಕಾಲದ್ದು, ಬೀಡು ಕಬ್ಬಿಣದ್ದು, ತೂಕ ಎರಡೂವರೆ ಕಿಲೋ. ನಡುವೆ ಸವೆದು ಸ್ವಲ್ಪವೇ ತಗ್ಗಾಗಿದೆ. ಅಮ್ಮ ಅದನ್ನು ಒಲೆಯ ಮೇಲಿಟ್ಟು, ಒಂದಿಷ್ಟು ಹೊತ್ತು ಬಿಟ್ಟು, ಬೆರಳು ಅದ್ದಿ ನೀರು ಚಿಮುಕಿಸುತ್ತಾಳೆ. ಆಗ ಅವಳು ಕಾವಲಿಯ ಕಡೆ ನೋಡುವುದೇ ಇಲ್ಲ, ತೆಂಗಿನಕಾಯಿ ತುರಿಯುತ್ತಲೇ ಕಿವಿ ಕೊಡುತ್ತಾಳೆ. ಸೊಂಯ್ ಎಂದು ಎಳೆದರೆ ‘ಇನ್ನೂ ಕಾಯಬೇಕು’. ಚುರ್ ಎಂದು ತಕ್ಷಣ ಮುಗಿದರೆ ‘ಹದ ಬಂತು, ಹಿಟ್ಟು ಕೊಡು’. ಸದ್ದೇ ಇಲ್ಲದೆ ಹನಿಗಳು ಗೋಲಿಯ ಹಾಗೆ ಉರುಳಾಡಿದರೆ ‘ಹೆಚ್ಚು ಕಾಯಿತು’ ಎಂದು ಉರಿ ತಗ್ಗಿಸಿ, ಮತ್ತೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಒತ್ತಿ ಒರೆಸುತ್ತಾಳೆ.

ಈ ಉರುಳಾಟವನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಇವತ್ತು ಮೊದಲ ಸಲ ಅಳೆದೆ. ಮಗಳ ಶಾಯಿ ಫಿಲ್ಲರನ್ನು ಚೆನ್ನಾಗಿ ತೊಳೆದು, ಅದರಿಂದ ಒಂದೊಂದೇ ಹನಿ ಬಿಟ್ಟು, ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿದೆ. ಅಮ್ಮ ‘ಹದ’ ಎಂದ ಕಾವಿನಲ್ಲಿ ಹನಿ ಎರಡು ಸೆಕೆಂಡಿನೊಳಗೆ ಸಿಡಿದು ಹೋಯಿತು. ಇನ್ನೂ ಐದು ನಿಮಿಷ ಉರಿ ಕೊಟ್ಟ ಮೇಲೆ ಬಿಟ್ಟ ಹನಿ, ಅದೇ ಫಿಲ್ಲರಿನದು, 48 ಸೆಕೆಂಡು ಬದುಕಿತ್ತು!

ಆ ವಿಡಿಯೊವನ್ನು ಏಳೆಂಟು ಸಲ ನೋಡಿದ್ದೇನೆ. ಹನಿ ತಗ್ಗಿನಲ್ಲಿ ಪಾದರಸದಂತೆ ಗುಂಡಗೆ ಕುಳಿತಿದೆ, ಕಿಟಕಿಯ ಸರಳುಗಳು ಅದರ ಬೆನ್ನ ಮೇಲೆ ಬಾಗಿ ಕಾಣಿಸುತ್ತವೆ. ಸ್ವಲ್ಪ ಹೊತ್ತಿಗೆ ಅದರ ಅಂಚು ನಡುಗತೊಡಗಿ, ಒಮ್ಮೆ ನಾಲ್ಕು ಮೂಲೆ, ಒಮ್ಮೆ ಐದು ಮೂಲೆಯಾಗಿ, ರಂಗೋಲಿಯ ನಕ್ಷತ್ರದ ಹಾಗೆ ಒಳಕ್ಕೂ ಹೊರಕ್ಕೂ ಮಿಡಿಯುತ್ತದೆ. ಕೊನೆಗೆ ಸಾಸಿವೆಯಷ್ಟಾಗಿ ಒಂದೇ ನೆಗೆತಕ್ಕೆ ಮಾಯ.

ಬಿಸಿ ಹೆಚ್ಚಾದರೆ ನೀರು ಬೇಗ ಆರಬೇಕು ತಾನೆ? ಇಲ್ಲಿ ತಿರುವುಮುರುವು ಆಗುತ್ತಿರುವುದು ಯಾಕೆ? ಈರುಳ್ಳಿಯ ಪಾತ್ರ ಏನು? ಬರಿಯ ಎಣ್ಣೆ ಸವರುವುದಕ್ಕಾಗಿದ್ದರೆ ಬಟ್ಟೆ ಸಾಲದೇ?

ಧಾರವಾಡದ ಮೇಷ್ಟ್ರು (ಭಾನುವಾರ, ಮಧ್ಯಾಹ್ನ 12.15)

ತಂಗೀ, ನಿಮ್ಮ ಫಿಲ್ಲರಿಗೆ ನಮಸ್ಕಾರ. ಇದನ್ನು ಓದಿ ಊಟಕ್ಕೆ ಏಳುವುದನ್ನೇ ಮರೆತೆ. ನಿಮ್ಮ ಅಡುಗೆಮನೆಯಲ್ಲಿ ನಡೆದದ್ದು 1756ರಲ್ಲಿ ಬರವಣಿಗೆಗೆ ಬಂದ ಪ್ರಯೋಗ. ಜರ್ಮನಿಯ ಡೂಯಿಸ್‌ಬರ್ಗಿನಲ್ಲಿ ಯೋಹಾನ್ ಗಾಟ್ಲೋಬ್ ಲೈಡನ್‌ಫ್ರಾಸ್ಟ್ ಎಂಬ ವೈದ್ಯರು ಕಬ್ಬಿಣದ ಚಮಚವನ್ನು ಕೆಂಪಗೆ ಕಾಯಿಸಿ ಅದರೊಳಗೆ ಒಂದು ಹನಿ ನೀರು ಬಿಟ್ಟರು. ಲೋಲಕದ ಓಲಾಟ ಎಣಿಸಿ ಹೊತ್ತು ಅಳೆದರು. ಮೊದಲ ಹನಿ ಅರ್ಧ ನಿಮಿಷಕ್ಕೂ ಹೆಚ್ಚು ಉಳಿಯಿತು. ಚಮಚ ಆರುತ್ತಾ ಹೋದಂತೆ ಮುಂದಿನ ಹನಿಗಳ ಆಯುಷ್ಯ ಕಡಿಮೆಯಾಗುತ್ತಾ ಬಂತು. ನೀವು ಕಂಡದ್ದೂ ಅದನ್ನೇ, ಹಿಂದುಮುಂದಾಗಿ. ಹಾಲೆಂಡಿನ ಬೂರ್ಹಾವೆ ಎಂಬ ವೈದ್ಯರು 1732ರಲ್ಲೇ ಇದನ್ನು ಗಮನಿಸಿದ್ದರು, ಆದರೆ ಹೆಸರು ನಿಂತದ್ದು ಲೈಡನ್‌ಫ್ರಾಸ್ಟರದು. ಬೂರ್ಹಾವೆ ಪಾಠ ಹೇಳುತ್ತಿದ್ದ ಊರು ಲೈಡನ್ ಆದ್ದರಿಂದ ನನ್ನ ವಿದ್ಯಾರ್ಥಿಗಳು ‘ಊರಿನ ಹೆಸರನ್ನೇ ಇಟ್ಟಿದ್ದಾರೆ’ ಎಂದು ತಿಳಿಯುತ್ತಿದ್ದರು. ಹಾಗಲ್ಲ, ಅದು ಆ ಮನುಷ್ಯನ ಹೆಸರೇ.

ಇನ್ನು ಕಾರಣಕ್ಕೆ ಬರುತ್ತೇನೆ. 48 ಸೆಕೆಂಡು ಬದುಕಿದ ಹನಿ ನಿಮ್ಮ ಕಾವಲಿಯನ್ನು ಮುಟ್ಟಿಯೇ ಇಲ್ಲ. ಕಾವಲಿ ಅಷ್ಟು ಬಿಸಿಯಿದ್ದಾಗ ಹನಿಯ ತಳ ಮುಟ್ಟುವ ಮೊದಲೇ ಆವಿಯಾಗಿ, ಆ ಆವಿಯೇ ಕೆಳಗೆ ಹಾಸಿಗೆಯಾಗುತ್ತದೆ. ಆ ಹಾಸಿಗೆಯ ದಪ್ಪ ಸುಮಾರು 0.1 ಮಿಲಿಮೀಟರ್, ಒಂದು ಹಾಳೆ ಕಾಗದದಷ್ಟು. ಉಷ್ಣವನ್ನು ಸಾಗಿಸುವುದರಲ್ಲಿ ಆವಿಯ ಶಕ್ತಿ ನೀರಿನ ಇಪ್ಪತ್ತನೇ ಒಂದು ಭಾಗವೂ ಇಲ್ಲ. ಹಾಗಾಗಿ ಹನಿ ಬೆಂಕಿಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತ ಹಾಗೆ. ನಯವಾದ ಲೋಹದ ಮೇಲೆ ಇದು ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಶುರುವಾಗುತ್ತದೆ. ಮೈ ಒರಟಾಗಿದ್ದರೆ, ಎಣ್ಣೆ ಕುಡಿದಿದ್ದರೆ ಆ ಗಡಿ ಆಚೀಚೆ ಸರಿಯುತ್ತದೆ. ಅದಕ್ಕಿಂತ ಕೆಳಗೆ ನೀರು ಲೋಹವನ್ನು ನೇರವಾಗಿ ಮುಟ್ಟುತ್ತದೆ, ಕೂಡಲೇ ಸಿಡಿಯುತ್ತದೆ. ನಿಮ್ಮ ತಾಯಿಯವರು ಕೇಳುವ ‘ಚುರ್’ ಅದೇ.

ಒಂದು ಮಾತು ಮನಸ್ಸಿನಲ್ಲಿಡಿ. ಈ ಪ್ರಯೋಗ ಬೀಡಿನ ಕಾವಲಿಯ ಮೇಲೆ ಮಾತ್ರ. ಅಂಟದ ಲೇಪ ಹಚ್ಚಿದ ಪಾತ್ರೆಯನ್ನು ಖಾಲಿಯಾಗಿ ಅಷ್ಟು ಕಾಯಿಸಬಾರದು, 260 ಡಿಗ್ರಿ ದಾಟಿದರೆ ಲೇಪ ಕೆಡತೊಡಗುತ್ತದೆ. ಎಣ್ಣೆ ನಿಂತಿರುವಲ್ಲಿ ನೀರು ಬಿಡುವುದಂತೂ ಬೇಡವೇ ಬೇಡ. ಈರುಳ್ಳಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕೆ ಕಾವಲಿಯ ಮುಂದೆ ನಿಂತವರೇ ಬರಬೇಕು.

ಹಿಡಿಸೂಡಿ (ಭಾನುವಾರ, ಸಂಜೆ 4.05)

ಮೇಷ್ಟ್ರೇ, ಬಂದಿದ್ದೇನೆ. ಕುಂದಾಪುರದವನು. ಹನ್ನೊಂದು ವರ್ಷ ಬೆಂಗಳೂರಿನ ಒಂದು ಹೋಟೆಲಿನಲ್ಲಿ ದೋಸೆ ಹೊಯ್ದಿದ್ದೇನೆ, ಬೆಳಗ್ಗೆ ಆರಕ್ಕೆ ನಿಂತರೆ ಹನ್ನೊಂದರವರೆಗೆ ಕಾವಲಿ ಬಿಟ್ಟು ಕದಲುವಂತಿರಲಿಲ್ಲ. ನನ್ನ ಹೆಸರು ನೋಡಿದರೆ ನನ್ನ ಆಯುಧ ಯಾವುದೆಂದು ತಿಳಿಯುತ್ತದೆ.

ಹೆಚ್ಚು ಕಾದ ಕಾವಲಿಯ ಮೇಲೆ ಉದ್ದಿನ ದೋಸೆ ಹೊಯ್ಯಲು ಬರುವುದೇ ಇಲ್ಲ. ಹಿಟ್ಟು ಬಿದ್ದ ಜಾಗದಲ್ಲೇ ಬೆಂದು ಗಟ್ಟಿಯಾಗುತ್ತದೆ, ಸೌಟು ತಿರುಗಿಸಿದರೆ ಅದರ ಹಿಂದೆಯೇ ಸುರುಳಿ ಸುತ್ತಿ ಎದ್ದು ಬರುತ್ತದೆ. ಕಾವು ಕಡಿಮೆಯಿದ್ದರೆ ಇನ್ನೊಂದು ತಾಪತ್ರಯ: ಹರಡುವುದೇನೋ ಚೆನ್ನಾಗಿ ಹರಡುತ್ತದೆ, ಆದರೆ ಸಟ್ಟುಗ ಹಾಕಿದರೆ ಏಳುವುದಿಲ್ಲ, ಬಣ್ಣವೂ ಬರುವುದಿಲ್ಲ. ಇವೆರಡರ ನಡುವಿನ ಹದ ಹಿಡಿಯುವುದೇ ಕೆಲಸ.

ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಚೊಂಬಿನಿಂದ ನೀರು ಎರಚಿ ಸುಮ್ಮನೆ ನಿಲ್ಲುತ್ತಿದ್ದೆ. ನೀರು ಮಣಿಮಣಿಯಾಗಿ ಓಡಿ ಅಂಚಿನಿಂದ ಕೆಳಗೆ ಬೀಳುತ್ತಿತ್ತು, ಕಾವಲಿ ಮಾತ್ರ ಹಾಗೆಯೇ ಉರಿಯುತ್ತಿತ್ತು. ಹಿರಿಯ ಭಟ್ಟರು ಬಂದು ಕೈಗೆ ಹಿಡಿಸೂಡಿ ಕೊಟ್ಟು, ‘ನೀರು ಹಾಕಿದರೆ ಸಾಲದು ಮಾರಾಯ, ಒತ್ತಿ ಗುಡಿಸು’ ಎಂದರು. ಒತ್ತಿ ಗುಡಿಸಿದ ಕೂಡಲೇ ಕಾವಲಿಯಿಂದ ಭುಸ್ ಎಂದು ಹಬೆ ಎದ್ದಿತು, ಮುಂದಿನ ದೋಸೆ ಸರಾಗವಾಗಿ ಹರಡಿತು. ಯಾಕೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ಮೇಷ್ಟ್ರು ಆವಿಯ ಹಾಸಿಗೆ ಎಂದಾಗ ತಟ್ಟನೆ ಹೊಳೆಯಿತು. ಸೂಡಿಯ ಕಡ್ಡಿಗಳು ಆ ಹಾಸಿಗೆಯನ್ನು ಹರಿದು ನೀರನ್ನು ಕಾವಲಿಗೆ ಮುಟ್ಟಿಸುತ್ತಿದ್ದವು! ಅಕ್ಕಾ, ನಿಮ್ಮ ಅಮ್ಮನ ಈರುಳ್ಳಿಯೂ ಇದನ್ನೇ ಮಾಡುತ್ತಿದೆ ಎಂದು ನನ್ನ ಊಹೆ.

ನೀರುದೋಸೆಯ ಲೆಕ್ಕ ಬೇರೆ, ಅದನ್ನು ಇದರೊಂದಿಗೆ ಸೇರಿಸಬೇಡಿ. ಅದಕ್ಕೆ ಸೌಟಿನಿಂದ ಹರಡುವ ಕೆಲಸವಿಲ್ಲ, ಕಾವಲಿ ಚೆನ್ನಾಗಿ ಕಾದಿರಬೇಕು. ಹಿಟ್ಟು ಬಿದ್ದ ಕೂಡಲೇ ತೂತು ತೂತಾಗದಿದ್ದರೆ ಅದು ನೀರುದೋಸೆಯೇ ಅಲ್ಲ.

ರೈನ್‌ದಂಡೆ (ಭಾನುವಾರ, ರಾತ್ರಿ 11.30)

ಡ್ಯೂಸೆಲ್ಡಾರ್ಫಿನಿಂದ ಬರೆಯುತ್ತಿದ್ದೇನೆ. ಡೂಯಿಸ್‌ಬರ್ಗ್ ಇಲ್ಲಿಂದ ರೈಲಿನಲ್ಲಿ ಕಾಲು ಗಂಟೆಯ ದಾರಿ. ಮೂರು ವರ್ಷದಿಂದ ಕೆಲಸಕ್ಕೆ ಅಲ್ಲಿಗೇ ಹೋಗಿಬರುತ್ತಿದ್ದೇನೆ, ಲೈಡನ್‌ಫ್ರಾಸ್ಟ್ ಅಲ್ಲಿಯವರೆಂದು ತಿಳಿಸಲು ಧಾರವಾಡದವರು ಬೇಕಾಯಿತು! ಅವರು ಪಾಠ ಹೇಳಿದ ಹಳೆಯ ವಿಶ್ವವಿದ್ಯಾಲಯ 1818ರಲ್ಲೇ ಮುಚ್ಚಿತಂತೆ, ಸಂಜೆ ಹುಡುಕಿ ಓದಿದೆ.

ನನ್ನದು ಇಂಡಕ್ಷನ್ ಒಲೆ, ಬೀಡಿನ ಬಾಣಲೆ. ಇಲ್ಲಿಯ ಚಳಿಯಲ್ಲಿ ಹಿಟ್ಟು ಹುಳಿ ಬರುವುದೇ ಕಷ್ಟ, ಒಲೆಗೂಡಿನೊಳಗೆ ದೀಪ ಮಾತ್ರ ಹಚ್ಚಿ ರಾತ್ರಿಯಿಡೀ ಇಡುತ್ತೇನೆ. ಅಕ್ಕ, ಊಹೆ ಸಾಲದು, ಅಳೆದು ಹೇಳಿ. ಎರಚಿ ಬಿಟ್ಟರೆ ಎಷ್ಟು ಇಳಿಯುತ್ತದೆ, ಎರಚಿ ಒರೆಸಿದರೆ ಎಷ್ಟು?

ತುಂಗಾತೀರ (ಮುಂದಿನ ಭಾನುವಾರ, ಬೆಳಗ್ಗೆ 11.20)

ಅಳೆದೆ! ವಾರವಿಡೀ ಇದೇ ಧ್ಯಾನ.

ಕೊರೊನಾ ಕಾಲದಲ್ಲಿ ಕೊಂಡ ಹಣೆಯ ಉಷ್ಣಮಾಪಕ ಜ್ವರ ಹೇಳುವುದಕ್ಕೆ ಮಾತ್ರ, ಕಾವಲಿಗೆ ಆಗುವುದಿಲ್ಲ. ತಮ್ಮ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ಅವನಿಂದ ದೂರದಿಂದಲೇ ಅಳೆಯುವ ಅತಿಗೆಂಪು ಉಷ್ಣಮಾಪಕ ಬಂತು. ಹೊಳೆಯುವ ಸ್ಟೀಲಿನ ಮೇಲೆ ಇದು ತಪ್ಪು ಹೇಳುತ್ತದೆ, ಎಣ್ಣೆ ಕುಡಿದು ಕಪ್ಪಾದ ಕಾವಲಿಯ ಮೇಲೆ ಸರಿಯಾಗಿ ಹೇಳುತ್ತದೆ ಎಂದು ಅವನೇ ವಿವರಿಸಿದ. ಅಜ್ಜಿಯ ಕಾವಲಿ ಅಳತೆಗೆ ಹೇಳಿ ಮಾಡಿಸಿದಂತಿದೆ.

ನೀರಿನ ಬಟ್ಟಲನ್ನು ಅಡುಗೆಯ ತಕ್ಕಡಿಯ ಮೇಲಿಟ್ಟೆ. ಅಮ್ಮ ಎಂದಿನಂತೆ ಕೈಯದ್ದಿ ಮೂರು ಸಲ ಚಿಮುಕಿಸಿದಳು, ಬಟ್ಟಲಿನ ತೂಕ 9 ಗ್ರಾಂ ಇಳಿಯಿತು. ಕಾವಲಿ 231 ಡಿಗ್ರಿ ಇದ್ದಾಗ ಚಿಮುಕಿಸಿ ಏನೂ ಮಾಡದೆ ಬಿಟ್ಟೆವು. ಹನಿಗಳು ಉರುಳಾಡಿ ಹಲವು ಅಂಚಿನಿಂದ ಜಾರಿದವು. ನಡುವಿನ ಕಾವು 224. ಅಷ್ಟೇ! ಮತ್ತೆ 230ಕ್ಕೆ ಏರಿಸಿ, ಅಷ್ಟೇ ನೀರು ಚಿಮುಕಿಸಿ, ಅಮ್ಮ ಈರುಳ್ಳಿ ಒತ್ತಿ ಎರಡು ಸುತ್ತು ಒರೆಸಿದಳು. ಹಿಡಿಸೂಡಿಯವರೇ, ನೀವು ಹೇಳಿದ ಆ ಭುಸ್ ಎಂಬ ಹಬೆ ಅಡುಗೆಮನೆ ತುಂಬಿತು. ಕಾವು 194! ಮಗಳು ಚಪ್ಪಾಳೆ ತಟ್ಟಿದಳು.

ಮೂರನೇ ಸಲ ಒದ್ದೆ ಬಟ್ಟೆಯನ್ನು ಮರದ ಸೌಟಿಗೆ ಸುತ್ತಿ ಒತ್ತಿದೆ, 196ಕ್ಕೆ ಇಳಿಯಿತು. ಅಲ್ಲಿಗೆ ಈರುಳ್ಳಿಯೇ ಆಗಬೇಕೆಂದಿಲ್ಲ, ಒದ್ದೆಯಾದದ್ದನ್ನು ಒತ್ತಬೇಕು ಎಂದಾಯಿತು. ಆದರೂ ನಾನು ಈರುಳ್ಳಿಯ ಪಕ್ಷವೇ. ಅದು ತನ್ನ ನೀರನ್ನು ತಾನೇ ಹೊತ್ತು ತರುತ್ತದೆ, ಪದರಗಳ ನಡುವೆ ಎಣ್ಣೆ ಹಿಡಿದು ತೆಳ್ಳಗೆ ಬಿಡುತ್ತದೆ, ಹಿಂದಿನ ದೋಸೆಯ ಸೀದ ಚೂರುಗಳನ್ನು ಕೆರೆದು ತೆಗೆಯುತ್ತದೆ. ಬಟ್ಟೆಗೆ ಆ ಪರಿಮಳ ಎಲ್ಲಿಂದ ಬರಬೇಕು? ತೀರ್ಥಹಳ್ಳಿಯ ನಮ್ಮ ಅತ್ತೆ ಬಾಳೆ ಎಲೆಯ ದಂಟಿನ ತುದಿ ಜಜ್ಜಿ ಕುಂಚ ಮಾಡಿ ಎಣ್ಣೆ ಸವರುತ್ತಿದ್ದರು. ಅದೂ ಒದ್ದೆಯದೇ ಎಂಬುದು ಈಗ ನೆನಪಾಗುತ್ತಿದೆ.

ಇನ್ನು ನಾನು ನಿಜವಾಗಿ ಹೇಳಬೇಕೆಂದು ಕಾದಿದ್ದ ಸಂಗತಿ. ಅಮ್ಮನಿಗೆ ಉಷ್ಣಮಾಪಕ ತೋರಿಸದೆ ಐದು ದೋಸೆ ಹೊಯ್ಯಲು ಬಿಟ್ಟೆ. ಪ್ರತಿ ಸಲ ಅವಳು ‘ಹಿಟ್ಟು ಕೊಡು’ ಎಂದ ಗಳಿಗೆಯಲ್ಲಿ ನಾನು ಕಾವು ಬರೆದುಕೊಂಡೆ: 186, 181, 190, 188, 193. ಅವಳು ಅಷ್ಟೂ ಹೊತ್ತು ಕಾಯಿ ತುರಿಯುತ್ತಿದ್ದಳು, ಕಾವಲಿಗೆ ಬೆನ್ನು ಹಾಕಿ! ಮೇಷ್ಟ್ರೇ, ಹನ್ನೆರಡು ಡಿಗ್ರಿಯೊಳಗೆ ಕಾವು ಹೇಳುವ ಕಿವಿ. ಈ ಐದು ಸಂಖ್ಯೆಗಳನ್ನು ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖಿನ ಕೆಳಗೆ ಬರೆದಿಟ್ಟಿದ್ದೇನೆ.

ಧಾರವಾಡದ ಮೇಷ್ಟ್ರು (ಭಾನುವಾರ, ಮಧ್ಯಾಹ್ನ 1.00)

ನಿಮ್ಮ ತಾಯಿಯವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಿಳಿಸಿ.

ಲೆಕ್ಕವನ್ನೂ ನೋಡಿಬಿಟ್ಟೆ. ಎರಡೂವರೆ ಕಿಲೋ ಬೀಡು ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 1,150 ಜೂಲ್ ಕಳೆದುಕೊಳ್ಳಬೇಕು. ನಲ್ಲಿಯಿಂದ ಹಿಡಿದ 9 ಗ್ರಾಂ ನೀರು ಪೂರ್ತಿ ಆವಿಯಾಗಲು 23,000 ಜೂಲ್ ಬೇಕು. ಭಾಗಿಸಿದರೆ ಇಡೀ ಕಾವಲಿ 20 ಡಿಗ್ರಿ ಇಳಿಯಬೇಕು. ನಿಮ್ಮ ಮಾಪಕ ನೋಡುವುದು ಮೇಲ್ಮೈಯನ್ನು ಮಾತ್ರ, ಮೊದಲು ತಣ್ಣಗಾಗುವುದೂ ಅದೇ. ಈರುಳ್ಳಿಯ ರಸವೂ ಲೆಕ್ಕಕ್ಕೆ ಸೇರಬೇಕು. ಹಾಗಾಗಿ 36 ಕಂಡದ್ದು ಸರಿಯಾಗಿಯೇ ಇದೆ. ಒಂದು ನಿಮಿಷ ಬಿಟ್ಟು ಮತ್ತೆ ಅಳೆದಿದ್ದರೆ ಒಳಗಿನ ಕಾವು ಮೇಲೆ ಬಂದು ಸಂಖ್ಯೆ ಸ್ವಲ್ಪ ಏರಿರುತ್ತಿತ್ತು.

ಹಿಡಿಸೂಡಿ (ಭಾನುವಾರ, ಮಧ್ಯಾಹ್ನ 1.25)

ಅಕ್ಕಾ, ಉಷ್ಣಮಾಪಕವನ್ನು ತಮ್ಮನಿಗೆ ಹಿಂದಿರುಗಿಸುವ ಮೊದಲು ನೀರುದೋಸೆಯದನ್ನೂ ಅಳೆಯಬೇಕು. ಅಕ್ಕಿ ರಾತ್ರಿಯೇ ನೆನೆಹಾಕಿ, ನುಣ್ಣಗೆ ರುಬ್ಬಿ, ಹಿಟ್ಟು ಮಜ್ಜಿಗೆಯಷ್ಟು ತೆಳುವಾಗಿರಲಿ. ಕಾವಲಿಯ ಹೊರ ಅಂಚಿನಿಂದ ಸುತ್ತ ಹೊಯ್ದು ನಡುವಿಗೆ ಬನ್ನಿ, ಕೂಡಲೇ ಮುಚ್ಚಳ ಮುಚ್ಚಿ. ನನ್ನ ಅಂದಾಜು 220ರ ಮೇಲೆ.

ತುಂಗಾತೀರ (ಭಾನುವಾರ, ಮಧ್ಯಾಹ್ನ 1.40)

ತಮ್ಮನಿಂದ ಇನ್ನೊಂದು ವಾರದ ಅನುಮತಿ ಸಿಕ್ಕಿತು. ಅಮ್ಮ ಮಾತ್ರ ನಿಮ್ಮ ಅಂದಾಜನ್ನು ಒಪ್ಪುತ್ತಿಲ್ಲ, ‘ಅಷ್ಟೆಲ್ಲ ಬೇಡ, 210 ಸಾಕು’ ಎನ್ನುತ್ತಿದ್ದಾಳೆ. ಇವತ್ತು ಬೆಳಗ್ಗೆಯವರೆಗೆ ಅವಳು ಡಿಗ್ರಿಯಲ್ಲಿ ಮಾತನಾಡಿದವಳೇ ಅಲ್ಲ. ಮುಂದಿನ ಭಾನುವಾರಕ್ಕೆ ಒಂದು ಸೇರು ಅಕ್ಕಿ ಎತ್ತಿಟ್ಟಿದ್ದೇವೆ.