ಭಾನುವಾರದ ಮಿಕ್ಸಿ, ಕೆಳಮನೆಯವರ ಚೀಟಿ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಓದುಗಿಯೊಬ್ಬರು ಕಳೆದ ಸಂಚಿಕೆಗೆ ಬರೆದಿದ್ದರು. ಭಾನುವಾರ ಬೆಳಿಗ್ಗೆ ಏಳಕ್ಕೆ ದೋಸೆಗೆಂದು ಚಟ್ನಿ ರುಬ್ಬಿದರು. ಮಧ್ಯಾಹ್ನದ ಹೊತ್ತಿಗೆ ಅಂಚೆಪೆಟ್ಟಿಗೆಯಲ್ಲಿ ಕೆಳಮನೆಯ ಅಜ್ಜಿಯ ಚೀಟಿ. ಮಗು ಓಡಾಡುವ ಸದ್ದಿನ ಮಾತೂ ಅದರಲ್ಲಿತ್ತು. ಊರಿನಿಂದ ಬಂದಿರುವ ಅತ್ತೆ, ಹೋಗಲಿ ಎಂದು ಚಕ್ಕುಲಿ ಕಳಿಸಿದರೆ ಡಬ್ಬಿ ಖಾಲಿ ವಾಪಸ್ ಬಂತು. ‘ನಾವು ಇವರಿಗೆ ಬೇಡವಾದವರಾ?’ ಎಂದು ಕೇಳಿದ್ದರು. ನೀವು ಬರೆದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಮಗೂ ಮೊದಲ ವರ್ಷವೇ ಇಂಥ ಚೀಟಿ ಬಂದಿತ್ತು. ನಾನು ಎರಡು ದಿನ ಅತ್ತಿದ್ದೆ. ಕೊನೆಯಲ್ಲಿ ‘ಸ್ನೇಹಪೂರ್ವಕ ವಂದನೆಗಳೊಂದಿಗೆ’ ಎಂದು ಬೇರೆ ಇತ್ತು, ಚುಚ್ಚಲೆಂದೇ ಬರೆದಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಇಲ್ಲಿ ಕರೆಂಟ್ ಬಿಲ್ಲಿನ ಕಾಗದವೂ ಹಾಗೇ ಮುಗಿಯುತ್ತದೆ! ಭಾನುವಾರ ಇವರಿಗೆ ಸುಮ್ನೆ ರಜೆಯಲ್ಲ. ಅದು ವಿಶ್ರಾಂತಿಯ ದಿನ ಎಂದು 1919ರ ವೈಮಾರ್ ಸಂವಿಧಾನದಲ್ಲೇ ಬರೆದಿದ್ದರು, 1949ರ ಸಂವಿಧಾನ ಅದನ್ನು ಹಾಗೇ ಉಳಿಸಿಕೊಂಡಿತು. ಅಂಗಡಿ ಬಾಗಿಲು ಹಾಕಿರುತ್ತದೆ. ಹುಲ್ಲು ಕತ್ತರಿಸುವ ಮಷೀನು ಓಡಿಸುವಂತಿಲ್ಲ. ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕಬೇಕೆಂದರೂ ಸೋಮವಾರದವರೆಗೆ ಕಾಯಬೇಕು. ಅಂಥ ಬೆಳಿಗ್ಗೆ ನಮ್ಮ ಮಿಕ್ಸಿಯ ಸದ್ದು ಹೇಗಿರುತ್ತದೆ ಯೋಚಿಸಿ. ನಾನೀಗ ಶನಿವಾರ ಸಂಜೆಯೇ ಚಟ್ನಿ ರುಬ್ಬಿ ಫ್ರಿಜ್‌ನಲ್ಲಿ ಇಡುತ್ತೇನೆ, ಒಗ್ಗರಣೆ ಮಾತ್ರ ಭಾನುವಾರ. ಮಿಕ್ಸಿಯ ಕೆಳಗೆ ಹಳೆ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಸದ್ದು ಅರ್ಧಕ್ಕೆ ಇಳಿಯುತ್ತದೆ. ಚೀಟಿಗೆ ಚೀಟಿ ಬರೆಯಬೇಡಿ. ಹೋಗಿ ಬೆಲ್ ಮಾಡಿ.
— ಮ್ಯೂನಿಕ್‌ನಿಂದ ಒಬ್ಬ ಓದುಗಿ

ನಮ್ಮ ಪಕ್ಕದ ಫ್ಲ್ಯಾಟಿನವರು ಗೋಡೆಗೆ ಡ್ರಿಲ್ ಹಾಕಿಸುತ್ತಿದ್ದಾರೆ. ಇವತ್ತು ಭಾನುವಾರ. ನಿಮ್ಮ ಕೆಳಮನೆಯ ಅಜ್ಜಿಯನ್ನು ಸ್ವಲ್ಪ ದಿನ ಇಲ್ಲಿಗೆ ಕಳಿಸಿಕೊಡಿ.
— ಬೆಂಗಳೂರಿನಿಂದ

ಮಿಕ್ಸಿ ವಿಷಯದಲ್ಲಿ ಅಜ್ಜಿ ಹೇಳಿದ್ದು ಸರಿ. ಮಗುವಿನ ವಿಷಯದಲ್ಲಿ ಅಷ್ಟು ತಗ್ಗಬೇಡಿ. ನಾವು ಹೊರಗಿನವರು ಎಂದು ಹೆದರಿ ನಾನು ಮಗಳನ್ನು ಮನೆಯೊಳಗೆ ಬೆಕ್ಕಿನ ಹಾಗೆ ನಡೆಸುತ್ತಿದ್ದೆ, ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಜರ್ಮನಿಯಲ್ಲೇ 2011ರಲ್ಲಿ ಕಾನೂನು ತಿದ್ದಿ, ಶಿಶುವಿಹಾರ ಮತ್ತು ಆಟದ ಮೈದಾನದಿಂದ ಬರುವ ಮಕ್ಕಳ ಗಲಾಟೆಯನ್ನು ಸಾಮಾನ್ಯವಾಗಿ ತೊಂದರೆ ಎಂದು ಎಣಿಸುವಂತಿಲ್ಲ ಎಂದರು. ಅದು ನಿಮ್ಮ ಮನೆಯ ಹಾಲ್‌ಗೆ ಬರೆದ ಕಾನೂನಲ್ಲ, ನಿಜ. ಆದರೂ ಹಗಲಲ್ಲಿ ಮಗು ನಾಲ್ಕು ಹೆಜ್ಜೆ ಓಡಿದರೆ ಕ್ಷಮೆ ಕೇಳುವ ಅಗತ್ಯ ಇಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಸದ್ದಿಲ್ಲದೆ ಇರಿ. ಹಾಲ್‌ಗೊಂದು ದಪ್ಪ ಜಮಖಾನ ಹಾಸಿ, ಸಾಕು.
— ಫ್ರಾಂಕ್‌ಫರ್ಟ್‌ನಿಂದ, ಇಬ್ಬರು ಮಕ್ಕಳ ತಂದೆ

ನೋಡಮ್ಮ, ಇದು ನಿನಗಿಂತ ಜಾಸ್ತಿ ನಿನ್ನ ಅತ್ತೆಗೆ. ಓದಿ ಹೇಳು. ನಾನೂ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದೆ, ನಿಮ್ಮ ಸ್ಟುಟ್‌ಗಾರ್ಟ್ ಪಕ್ಕದ ಬೋಬ್ಲಿಂಗೆನ್‌ನಲ್ಲಿ. ಒಂದು ದಿನ ನಮ್ಮ ಬಾಗಿಲ ಹಿಡಿಗೆ ಯಾರೋ ಒಂದು ಬೋರ್ಡು ನೇತುಹಾಕಿದ್ದರು. ನಾನು ಹೆದರಿಬಿಟ್ಟೆ. ನೋಡಿದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಮ್ಮದು! ‘ಕೇರ್‌ವೋಖೆ’ ಅಂತಾರೆ, ಗುಡಿಸುವ ವಾರ. ಡಾಕ್ಟರಾದರೂ ಸರಿ, ಮೇಷ್ಟರಾದರೂ ಸರಿ, ಗುಡಿಸಿ ಬೋರ್ಡನ್ನು ಮುಂದಿನ ಮನೆಯ ಬಾಗಿಲಿಗೆ ಹಾಕಬೇಕು. ಮಗನಿಗೆ ಆಫೀಸು, ಸೊಸೆಗೂ ಆಫೀಸು. ನಾನೇ ಸೆರಗು ಸಿಕ್ಕಿಸಿಕೊಂಡು ಮೂರು ಮಹಡಿ ಒರೆಸಿದೆ. ಎದುರು ಮನೆಯಾಕೆ ಬಂದು ನೋಡಿ, ಮೂಲೆಯಲ್ಲಿ ಉಳಿದಿದ್ದ ಧೂಳನ್ನು ಬೆರಳು ಮಾಡಿ ತೋರಿಸಿ ಹೋದಳು. ಸಿಟ್ಟು ಬಂತು. ಆದರೆ ಧೂಳು ಇದ್ದದ್ದು ನಿಜ, ಅಲ್ವಾ?

ನಾನೂ ಆಕೆಗೆ ಚಕ್ಕುಲಿ ಕೊಟ್ಟೆ. ಖಾಲಿ ಡಬ್ಬಿ ಬಂತು. ನಮ್ಮಲ್ಲಾದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ. ಆದರೆ ಡಬ್ಬಿಯನ್ನು ಮುಚ್ಚಳದ ಸಂದೂ ಬಿಡದೆ ಉಜ್ಜಿ, ಒರೆಸಿ ಕೊಟ್ಟಿದ್ದಳು. ಪಾತ್ರೆ ತೊಳೆದು ಕೊಡುವುದೇ ಅವರ ಮರ್ಯಾದೆ. ಎರಡನೇ ಸಲವೂ ಖಾಲಿ. ಮೂರನೇ ಸಲ ತಡೆಯಲಾರದೆ ಮೊಮ್ಮಗನ ಕೈಲಿ ಕೇಳಿಸಿದೆ, ಹೇಗಿತ್ತು ಅಂತ. ‘ಖಾರ ಜಾಸ್ತಿ’ ಎಂದಳು, ನೇರ ಮುಖಕ್ಕೇ. ಆಮೇಲೆ ಕೇಳಿದಳಂತೆ, ಮತ್ತೆ ಯಾವಾಗ ಮಾಡ್ತೀರಿ ಅಂತ.
— ಮೈಸೂರಿನಿಂದ ಒಬ್ಬ ಅಜ್ಜಿ