ಸಿಇಎಚ್, ಸಿಐಎಸ್‌ಎಸ್‌ಪಿ ಎರಡೂ ಒಂದೇ ಪ್ಯಾಕೇಜ್‌ನಲ್ಲಿ: ಹಣ ಕಟ್ಟಬಹುದೇ?

ಪ್ರಶ್ನೆ (ಬೊಮ್ಮನಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ನೆಟ್‌ವರ್ಕ್ ಸಪೋರ್ಟ್ ಕೆಲಸದಲ್ಲಿದ್ದೇನೆ. ಹೆಚ್ಚಾಗಿ ರಾತ್ರಿ ಪಾಳಿ. ಫೈರ್‌ವಾಲ್ ಮತ್ತು ವಿಪಿಎನ್ ಟಿಕೆಟ್‌ಗಳನ್ನು (ಬಳಕೆದಾರರ ದೂರುಗಳನ್ನು) ಮುಗಿಸುವಷ್ಟರಲ್ಲಿ ಬೆಳಗಾಗಿರುತ್ತದೆ. ಮಾಹಿತಿ ಭದ್ರತೆಯ ಕೆಲಸಕ್ಕೆ ಹೋಗಬೇಕೆಂಬ ಆಸೆಯಿಂದ ಒಂದು ತರಬೇತಿ ಕೇಂದ್ರದಲ್ಲಿ ವಿಚಾರಿಸಿದೆ. ಸಿಇಎಚ್ (ಎಥಿಕಲ್ ಹ್ಯಾಕಿಂಗ್ ಸರ್ಟಿಫಿಕೇಟ್) ಮತ್ತು ಸಿಐಎಸ್‌ಎಸ್‌ಪಿ (ಅನುಭವಿ ಭದ್ರತಾ ವೃತ್ತಿಪರರ ಸರ್ಟಿಫಿಕೇಟ್) ಎರಡೂ ಸೇರಿ ಆರು ತಿಂಗಳಿಗೆ 90,000 ರೂಪಾಯಿ ಎಂದರು. ಶನಿವಾರದೊಳಗೆ ಕಟ್ಟಿದರೆ 10,000 ಕಡಿಮೆಯಂತೆ, ಕೆಲಸಕ್ಕೂ ಗ್ಯಾರಂಟಿಯಂತೆ. ಪರೀಕ್ಷಾ ಶುಲ್ಕ ಇದರಲ್ಲೇ ಸೇರಿದೆಯೇ ಎಂದು ಕೇಳಿದರೆ ಮಾತು ಬೇರೆ ಕಡೆಗೆ ಹೋಯಿತು. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಮೊದಲ ಉತ್ತರ

ಶನಿವಾರವನ್ನು ಮರೆತುಬಿಡಿ. ಸಿಐಎಸ್‌ಎಸ್‌ಪಿ ಪೂರ್ಣವಾಗಿ ಕೈಗೆ ಬರಬೇಕಾದರೆ ಅದರ ಎಂಟು ವಿಭಾಗಗಳ ಪೈಕಿ ಕನಿಷ್ಠ ಎರಡರಲ್ಲಿ ಐದು ವರ್ಷ ಸಂಬಳಕ್ಕೆ ಕೆಲಸ ಮಾಡಿದ ಅನುಭವ ಇರಬೇಕು. ಕಂಪ್ಯೂಟರ್ ವಿಜ್ಞಾನ, ಐಟಿ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಪದವಿ ಇದ್ದವರಿಗೆ ಒಂದು ವರ್ಷದ ವಿನಾಯಿತಿ ಸಿಗಬಹುದು. ಅನುಭವವಿಲ್ಲದೆ ಪರೀಕ್ಷೆ ಪಾಸಾದವರು ಅಸೋಸಿಯೇಟ್ ಎನಿಸಿಕೊಳ್ಳುತ್ತಾರೆ, ಉಳಿದದ್ದನ್ನು ಗಳಿಸಲು ಅವರಿಗೆ ಆರು ವರ್ಷಗಳ ಅವಧಿ ಇರುತ್ತದೆ. ನಿಮ್ಮ ಫೈರ್‌ವಾಲ್ ಕೆಲಸ ನೆಟ್‌ವರ್ಕ್ ಭದ್ರತೆಯ ವಿಭಾಗಕ್ಕೆ ಹತ್ತಿರದ್ದು. ಆದ್ದರಿಂದ ನೀವು ಏನೇನು ಮಾಡಿದ್ದೀರಿ ಎಂಬುದನ್ನು ಮ್ಯಾನೇಜರ್ ಅವರಿಂದ ಈಗಲೇ ಬರೆಸಿಟ್ಟುಕೊಳ್ಳಿ.

ಸದ್ಯಕ್ಕೆ ಕಾಂಪ್‌ಟಿಐಎ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಎಂಬ ಆರಂಭಿಕ ಹಂತದ ಪರೀಕ್ಷೆ ನಿಮಗೆ ಹೊಂದುತ್ತದೆ. 90 ನಿಮಿಷಗಳಲ್ಲಿ ಗರಿಷ್ಠ 90 ಪ್ರಶ್ನೆಗಳು, 900ರ ಮಾಪನದಲ್ಲಿ 750 ಬಂದರೆ ಪಾಸು, ಮೂರು ವರ್ಷಗಳಿಗೊಮ್ಮೆ ನವೀಕರಣ. ಇದನ್ನು ಮನೆಯಲ್ಲೇ ಓದಿ ಬರೆಯಬಹುದು.

ಸಂದರ್ಶನದಲ್ಲಿ ನಾನು ಅಭ್ಯರ್ಥಿಗಳ ಮುಂದೆ ಒಂದು ಪುಟ ಲಾಗ್ (ಕಂಪ್ಯೂಟರ್ ತಾನೇ ಬರೆದಿಡುವ ಚಟುವಟಿಕೆಯ ದಾಖಲೆ) ಇಡುತ್ತೇನೆ: ರಾತ್ರಿ 2:10ಕ್ಕೆ ಒಂದೇ ಐಪಿ ವಿಳಾಸದಿಂದ 40 ವಿಫಲ ಲಾಗಿನ್, ಆಮೇಲೆ ಒಂದು ಯಶಸ್ವಿ ಲಾಗಿನ್. ಸರ್ಟಿಫಿಕೇಟ್‌ಗಳ ಫೈಲ್ ಹಿಡಿದು ಬಂದವರಲ್ಲಿ ಅನೇಕರು ಪಾಸ್‌ವರ್ಡ್ ನೀತಿಯ ಪಾಠ ಒಪ್ಪಿಸುತ್ತಾರೆ. ಆ ಲಾಗಿನ್ ಯಾರದೋ ಆ ನೌಕರ ಆ ದಿನ ರಜೆಯಲ್ಲಿದ್ದನೇ, ಲಾಗಿನ್ ಆದ ಮೇಲೆ ಯಾವ ಸರ್ವರ್ ಮುಟ್ಟಿದ ಎಂದು ಕೇಳಿದ ಒಬ್ಬ ಹುಡುಗಿಯನ್ನು ಅಂದೇ ಆಯ್ಕೆ ಮಾಡಿದೆ. ರಾತ್ರಿ ಪಾಳಿಯಲ್ಲಿ ಟಿಕೆಟ್ ನೋಡಿದವರಿಗೆ ಈ ಪ್ರಶ್ನೆಗಳು ತಾವಾಗಿಯೇ ಹೊಳೆಯುತ್ತವೆ.

ಎರಡನೇ ಉತ್ತರ

ನಾನು ಇಂಥದ್ದೇ ಪ್ಯಾಕೇಜ್‌ಗೆ ಹಣ ಕಟ್ಟಿ ಕೈಸುಟ್ಟುಕೊಂಡವನು. ವಾರಾಂತ್ಯಗಳಲ್ಲಿ ಸ್ಲೈಡ್ ಓದಿದರು. ಕೊನೆಗೆ ಸಿಕ್ಕಿದ್ದು ಅವರದೇ ಮುದ್ರೆಯ ಸರ್ಟಿಫಿಕೇಟ್. ಇಸಿ-ಕೌನ್ಸಿಲ್ ನಡೆಸುವ ಸಿಇಎಚ್ ಪರೀಕ್ಷೆಯ ವೋಚರ್‌ಗೆ (ಪರೀಕ್ಷೆ ಬರೆಯಲು ಬೇಕಾದ ಕೂಪನ್‌ಗೆ) ಬೇರೆಯೇ ದುಡ್ಡು ಎಂಬುದು ಆಗ ತಿಳಿಯಿತು. ವೋಚರ್ ಸೇರಿದೆಯೇ, ಲ್ಯಾಬ್ ಮನೆಯಿಂದಲೂ ತೆರೆಯುತ್ತದೆಯೇ, ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್ ಬರುತ್ತದೆ ಎಂಬುದನ್ನು ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ಉತ್ತರ ಪಡೆಯಿರಿ.

ಭೇದನ ಪರೀಕ್ಷೆಯ (ಪೆನೆಟ್ರೇಷನ್ ಟೆಸ್ಟಿಂಗ್, ಅಂದರೆ ಅನುಮತಿ ಪಡೆದು ದಾಳಿ ಮಾಡಿ ದೋಷ ಹುಡುಕುವ ಕೆಲಸದ) ಕಡೆಗೆ ಮನಸ್ಸಿದ್ದರೆ ಒಎಸ್‌ಸಿಪಿ ಎಂಬ ಸರ್ಟಿಫಿಕೇಟ್ ಇದೆ, ಆದರೆ ಅದು ಬಾಯಿಪಾಠಕ್ಕೆ ಬಗ್ಗುವಂಥದ್ದಲ್ಲ: 23 ಗಂಟೆ 45 ನಿಮಿಷಗಳ ಪ್ರಾಯೋಗಿಕ ಪರೀಕ್ಷೆ, ಅದರ ಬೆನ್ನಿಗೇ ವರದಿ ಬರೆದು ಸಲ್ಲಿಸಲು 24 ಗಂಟೆ. ಅದಕ್ಕೂ ಮೊದಲು ಓವರ್‌ದವೈರ್ ಜಾಲತಾಣದ ಬ್ಯಾಂಡಿಟ್ ಎಂಬ ಹಂತ ಹಂತದ ಅಭ್ಯಾಸದ ಆಟ, ಪೋರ್ಟ್‌ಸ್ವಿಗ್ಗರ್ ಸಂಸ್ಥೆಯ ವೆಬ್ ಭದ್ರತಾ ಪಾಠಗಳನ್ನು ಮಾಡಿ ನೋಡಿ, ಎರಡೂ ಉಚಿತ. ಕಂಪನಿಯ ನೆಟ್‌ವರ್ಕ್ ಮೇಲೆ ಮಾತ್ರ ಅನುಮತಿಯಿಲ್ಲದೆ ಕೈ ಪಳಗಿಸಿಕೊಳ್ಳಲು ಹೋಗಬೇಡಿ, ಅನುಮತಿಯಿಲ್ಲದ ಪ್ರವೇಶವನ್ನು ಶಿಕ್ಷಿಸುವ ಐಟಿ ಕಾಯ್ದೆಯ 66ನೇ ಸೆಕ್ಷನ್ ಎದುರಾದೀತು.

ಮೂರನೇ ಉತ್ತರ

ದಾಳಿಯ ಬದಿಯ ಮಾತು ಬಂತು, ನಾನು ರಕ್ಷಣೆಯ ಬದಿಯನ್ನು ಹೇಳುತ್ತೇನೆ. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿತು. ಇದನ್ನು ದಿನವೂ ನಡೆಸಿಕೊಂಡು ಹೋಗಲು ಲಾಗ್ ಓದಬಲ್ಲವರೇ ಬೇಕು. ಲೆಕ್ಕಪರಿಶೋಧನೆಯ ಕಡೆ ಒಲವಿದ್ದರೆ ಐಎಸ್‌ಒ 27001 ಎಂಬ ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡದ 2022ರ ಆವೃತ್ತಿಯಲ್ಲಿರುವ 93 ನಿಯಂತ್ರಣಗಳನ್ನು (ಭದ್ರತಾ ಕ್ರಮಗಳನ್ನು) ಓದಿಕೊಳ್ಳಿ. ಮಾಹಿತಿ ವ್ಯವಸ್ಥೆಗಳ ಲೆಕ್ಕಪರಿಶೋಧಕರ ಸರ್ಟಿಫಿಕೇಟ್ ಆದ ಸಿಐಎಸ್‌ಎ ಆಮೇಲೆ ನೋಡಬಹುದು, ಅದಕ್ಕೂ ಐದು ವರ್ಷಗಳ ಅನುಭವ ಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಇಮೇಲ್ ಕಳುಹಿಸಿದೆ, ಫೋನ್‌ನಲ್ಲಿ ಮಾತನಾಡೋಣ ಎಂಬ ಒಂದು ಸಾಲಿನ ಉತ್ತರ ಬಂತು, ಹಾಗಾಗಿ ಹಣ ಕಟ್ಟಲಿಲ್ಲ. ಸೆಕ್ಯುರಿಟಿ ಪ್ಲಸ್ ಓದು ಶುರು ಮಾಡಿದ್ದೇನೆ. ಬ್ಯಾಂಡಿಟ್‌ನ 12ನೇ ಹಂತದಲ್ಲಿ ಎರಡು ರಾತ್ರಿಗಳಿಂದ ಸಿಕ್ಕಿಕೊಂಡಿದ್ದೇನೆ. ಆ ಫೈಲ್ ಅನ್ನು ಒಮ್ಮೆ ಬಿಚ್ಚಿದರೆ ಒಳಗೆ ಇನ್ನೊಂದು ಗಂಟು ಸಿಗುತ್ತದೆ. ದಯವಿಟ್ಟು ಯಾರೂ ಉತ್ತರ ಹೇಳಬೇಡಿ.